ಹಗ್ಗ ಇಳಿಸಿರಿ

ಖಾನಾಪುರದ ಶಾಲೆಗೆ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಟೆಂಪೋದಲ್ಲಿ ಕರೆತರುತ್ತಿದ್ದ ಕಲ್ಮೇಶ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶನಿವಾರ ಒಬ್ಬ ಹುಡುಗಿಯನ್ನು ಎಲ್ಲರಿಗಿಂತ ಕೊನೆಗೆ ಇಳಿಸಿದ. ಇಳಿಸುವ ಮೊದಲು ಪಾಳುಬಿದ್ದ ಇಟ್ಟಂಗಿ ಭಟ್ಟಿಯ ಹಿಂದೆ ಗಾಡಿ ನಿಲ್ಲಿಸಿ ಅವಳ ಮೈಮೇಲೆ ಕೈ ಹಾಕಿದ. ಹುಡುಗಿಗೆ ಹತ್ತು ವರ್ಷ. ಕಲ್ಮೇಶ ಅವಳ ಅಪ್ಪನ ದೊಡ್ಡಪ್ಪನ ಮಗ. ಅವಳು ಅವನನ್ನು ಕಾಕಾ ಎಂದು ಕರೆಯುತ್ತಿದ್ದಳು.

ಹುಡುಗಿಯ ಹೆಸರನ್ನು ಆಮೇಲೆ ಬಹಳ ಜನ ಬಾಯಿಗೆ ಹಾಕಿಕೊಂಡರು. ಇಲ್ಲಿ ಅದು ಬೇಡ.

ಮೊದಲು ಗೊತ್ತಾದದ್ದು ಅಜ್ಜಿ ರೇಣವ್ವನಿಗೆ. ಸೆಪ್ಟೆಂಬರಿನ ಕೊನೆಯ ಶನಿವಾರ ಅವಳು ಊರ ಹೊರಗಿನ ಮಡ್ಡಿಯ ಮೇಲೆ ಕುರಿ ಮೇಯಿಸುತ್ತಿದ್ದಾಗ, ಮೊಮ್ಮಗಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಬ್ಬಿನ ಹೊಲದ ಬದುವಿನ ಮೇಲೆ ಒಬ್ಬಳೇ ನಡೆದು ಬರುವುದು ಕಂಡಿತು. ಖಾನಾಪುರದಿಂದ ಊರಿಗೆ ಏಳು ಕಿಲೋಮೀಟರು.

“ಟೆಂಪೋ ಎಲ್ಲಿ ಹೋತು?”

“ಐತಿ. ನಾನ ಹತ್ತಲಿಲ್ಲ.”

“ಯಾಕ?”

ಹುಡುಗಿ ಹೇಳಿದಳು. ನಿಂತುಕೊಂಡೇ ಹೇಳಿದಳು, ಕೈ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. ರೇಣವ್ವ ಕುರಿಗಳನ್ನು ಬಾಜೂ ಹೊಲದವರಿಗೆ ಒಪ್ಪಿಸಿದಳು. ಹೆಗಲ ಮೇಲಿನ ಕಂಬಳಿ ಸಮೇತ ಮೊಮ್ಮಗಳ ಕೈ ಹಿಡಿದು, ಬಸ್ಸು ಹತ್ತಿ ಖಾನಾಪುರಕ್ಕೆ ಹೋದಳು. ಸಂಜೆಯೊಳಗೆ ದೂರು ದಾಖಲಾಯಿತು. ಮರುದಿನ ಕಲ್ಮೇಶನನ್ನು ಹಿಡಿದರು.

ಸುದ್ದಿ ಬೆಳಗಾವಿ ಮುಟ್ಟಿತು, ನಗರ ಕುದಿಯಿತು. ಕುದಿಯಬೇಕಾದದ್ದೇ. ಕೂಸಿಗೆ ಹೀಗಾದಾಗಲೂ ತಣ್ಣಗೆ ಕೂತ ಊರು ಊರಲ್ಲ. ಸದಾಶಿವನಗರದಲ್ಲಿ ಪೂರ್ಣಿಮಾ ಎಂಬ ಕಾಲೇಜು ಗ್ರಂಥಪಾಲಕಿಯ ಮನೆಯ ಮಾಳಿಗೆಯ ಮೇಲೆ ಪ್ರತಿ ರವಿವಾರ ಹತ್ತು ಹನ್ನೆರಡು ಮಂದಿ ಸೇರಿ ಪುಸ್ತಕ ಓದಿ ಜಗಳಾಡುತ್ತಿದ್ದರು. ಆ ವಾರ ಪುಸ್ತಕ ಬದಿಗಿಟ್ಟು ಬೀದಿಗಿಳಿಯುವುದೆಂದು ತೀರ್ಮಾನಿಸಿದರು. ಅವರಲ್ಲೊಬ್ಬನಾದ ಪ್ರಸಾದನಿಗೆ ನಗರದ ಕ್ಯಾಂಪ್ ಭಾಗದಲ್ಲಿ ಫ್ಲೆಕ್ಸ್ ಅಂಗಡಿ ಇತ್ತು. ಒಂದೇ ದಿನದಲ್ಲಿ ಇಪ್ಪತ್ತು ಬ್ಯಾನರು ಅಚ್ಚು ಹಾಕಿಸಿದ. ಪ್ರತಿಯೊಂದರ ಮೇಲೂ ಹಗ್ಗದ ಕುಣಿಕೆ.

ಚೆನ್ನಮ್ಮ ವೃತ್ತದಲ್ಲಿ ಮೂರು ಸಾವಿರ ಜನ ಸೇರಿದರು. ಗಡಿಯ ಮಾತು ಬಂದರೆ ಒಬ್ಬರ ಮುಖ ಒಬ್ಬರು ನೋಡದ ಕನ್ನಡದವರೂ ಮರಾಠಿಯವರೂ ಅಂದು ಒಂದೇ ವೇದಿಕೆ ಹತ್ತಿದರು. ಒಂದು ಬದಿಯಿಂದ ‘ಗಲ್ಲಿಗೆ ಹಾಕ್ರಿ’, ಇನ್ನೊಂದು ಬದಿಯಿಂದ ‘ಫಾಶೀ ದ್ಯಾ’. ಭಾಷೆ ಎರಡು, ಹಗ್ಗ ಒಂದೇ. ನಡುವೆ ರೇಣವ್ವನನ್ನು ನಿಲ್ಲಿಸಿದ್ದರು. ಪ್ರಸಾದ ಮೈಕನ್ನು ಅವಳ ಬಾಯಿಗೆ ಹಿಡಿದ.

“ಆಯೀ, ಇಂಥವಗ ಏನ ಶಿಕ್ಷಾ ಆಗಬೇಕು, ನಿಮ್ಮ ಬಾಯಿಲೇ ಹೇಳ್ರಿ.”

ರೇಣವ್ವ ಕಂಬಳಿ ಸರಿಪಡಿಸಿಕೊಂಡಳು. “ಹಗ್ಗಾ ಹಾಕ್ರಿ ಅವಗ,” ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ, ಹೊಟ್ಟೆಯೊಳಗಿನಿಂದ ಬಂದ ಮಾತು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಅಜ್ಜಿಯ ಮುಖ ತೋರಿಸಿದರೆ ಮೊಮ್ಮಗಳ ಮುಖ ತೋರಿಸಿದಂತೆಯೇ ಎಂಬುದು ಆ ಮೂರು ಸಾವಿರ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪೂರ್ಣಿಮಾಗೂ ಹೊಳೆಯಲಿಲ್ಲ. ರೇಣವ್ವ ಬಸ್ಸಿಳಿಯುವ ಮೊದಲೇ ವಿಡಿಯೋ ಊರಿಗೆ ಬಂದು ಮನೆಮನೆ ಸುತ್ತಿತ್ತು. ಹುಡುಗಿ ಅದನ್ನು ಅಪ್ಪನ ಫೋನಿನಲ್ಲಿ ನೋಡಿದಳು. ಮೂರು ಸಲ ನೋಡಿದಳು. ಆಮೇಲೆ ಆ ವಿಷಯವಾಗಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಶಾಲೆಗೂ ಹೋಗಲಿಲ್ಲ.

ಡಿಸೆಂಬರಿನಲ್ಲಿ ಕಲ್ಮೇಶನಿಗೆ ಜಾಮೀನು ಸಿಕ್ಕಿತು. ಊರಿಗೆ ಕಾಲಿಡಬಾರದು, ಟೆಂಪೋ ಮುಟ್ಟಬಾರದು ಎಂದು ಕೋರ್ಟು ಹೇಳಿತ್ತು. ಸೋದರತ್ತೆಯ ಊರಿನಲ್ಲಿ ಉಳಿದ. ಅದೇ ವಾರ ಬೀರಪ್ಪನ ಗುಡಿಯ ಹಿರಿಯರು ಹುಡುಗಿಯ ಅಪ್ಪ ಮಾಯಪ್ಪನನ್ನು ಕರೆಸಿದರು. ಮಾಯಪ್ಪ ಬೆಳಗಾವಿಯ ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟುವ ವೆಲ್ಡರು. ವಾರಕ್ಕೊಮ್ಮೆ ಮನೆಗೆ ಬರುವವನು, ಹಿರಿಯರ ಮುಂದೆ ತಲೆ ಎತ್ತಿ ಮಾತಾಡಿ ಅಭ್ಯಾಸವಿಲ್ಲ. ಗುಡಿಯ ಪೂಜಾರಿ ಮೆಲ್ಲಗೆ ಮಾತಾಡುವ ಮನುಷ್ಯ.

“ತಪ್ಪ ಮಾಡ್ಯಾನ, ಇಲ್ಲಂತ ಯಾರೂ ಅನ್ನೂದಿಲ್ಲ ಮಾಯಪ್ಪಾ. ಗುಡಿ ಮುಂದ ನಿನ್ನ ಕಾಲ ಹಿಡಸೂಣು, ಕಾಯಂ ಊರ ಬಿಡಸೂಣು. ಆದರ ಬೆಳಗಾವ್ಯಾಗ ಏನ ಒದರತಾರ ಕೇಳೀಯಲ್ಲ? ಗಲ್ಲು. ನಿಮ್ಮವ್ವನ ಹೇಳ್ಯಾಳ, ಫೋನಿನ್ಯಾಗ ಐತಿ. ನಾಳಿ ನಿನ್ನ ಮಗಳು ಕೋರ್ಟಿನ್ಯಾಗ ಬಾಯಿ ತಗದ್ಲಂದ್ರ ನಿನ್ನ ತಮ್ಮನ ಹೆಣಾ ಬರತೈತಿ ಊರಿಗೆ. ಆ ಹೆಣಾ ಯಾರ ಹೆಸರಿಗೆ ಹತ್ತತೈತಿ ಹೇಳು. ಆ ಸಣ್ಣ ಕೂಸಿನ ಹೆಸರಿಗೆ. ನಾಳಿ ಅದನ್ನ ಯಾರ ಮನಿಗೆ ಕೊಡತೀ?”

ದೇವರ ಮುಂದಿನ ಅರಿಷಿಣದ ಪುಡಿಗೆ ಭಂಡಾರ ಎನ್ನುತ್ತಾರೆ. ಅದನ್ನು ಅಂಗೈಯಲ್ಲಿ ಹಿಡಿದು ಕೊಟ್ಟ ಮಾತನ್ನು ಈ ಕುರಿಗಾರರ ಊರಿನಲ್ಲಿ ಯಾರೂ ಮುರಿದದ್ದಿಲ್ಲ. ಮಾಯಪ್ಪ ಭಂಡಾರ ಹಿಡಿದ. “ನನ್ನ ಒಲಿ ಮ್ಯಾಲ ಉಂಡವರು ಯಾರೂ ಈ ಮಾತ ಕೋರ್ಟಿನ್ಯಾಗ ಆಡೂದಿಲ್ಲ,” ಎಂದ. ಒಲೆಯ ಮೇಲೆ ಆಣೆ ಮಾಡಿದರೆ ಆ ಒಲೆಯ ಅನ್ನ ಉಣ್ಣುವವರೆಲ್ಲ ಅದಕ್ಕೆ ಕಟ್ಟುಬಿದ್ದ ಹಾಗೆ. ಹೆಂಡತಿಯನ್ನು ಕೇಳಲಿಲ್ಲ, ತಾಯಿಯನ್ನು ಕೇಳಲಿಲ್ಲ, ಮಗಳನ್ನಂತೂ ಕೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಮಗಳ ತಲೆಯ ಮೇಲೆ ಹೆಣ ಬೀಳದ ಹಾಗೆ ನೋಡಿಕೊಂಡೆ ಎಂದೇ ತಿಳಿದಿದ್ದ. ಹಳ್ಳಿಯು ಆ ಹುಡುಗಿಯ ಬಾಯಿಗೆ ಅರಿಷಿಣ ಮೆತ್ತಿತು. ಮೆತ್ತುವ ನೆಪವನ್ನು ಒದಗಿಸಿದ್ದು ನಗರ ಎತ್ತಿ ಹಿಡಿದ ಹಗ್ಗ.

ಮನೆಗೆ ಬಂದ ಮಗನನ್ನು ರೇಣವ್ವ ಕೇಳಿದಳು.

“ಒಲಿ ಮ್ಯಾಲ ಆಣಿ ಮಾಡೀಯೇನು?”

“ಹೂಂ ಯವ್ವಾ.”

“ಯಾರ ಒಲಿ?”

“ನಮ್ಮದ.”

“ನಿಂದು ಅನ್ನು.”

ಮರುದಿನ ಬೆಳಿಗ್ಗೆ ರೇಣವ್ವ ಕುರಿದೊಡ್ಡಿಯ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಮಣ್ಣು ಮೆತ್ತಿ, ಬೇರೆ ಒಲೆ ಹೂಡಿದಳು. ಹಸಿ ಮಣ್ಣು ಒಣಗುವ ಮೊದಲೇ ರೊಟ್ಟಿ ಬಡಿದು ಮೊಮ್ಮಗಳನ್ನು ಕರೆದು ಉಣ್ಣಿಸಿದಳು. ಊರು ನಕ್ಕಿತು. ಪೂಜಾರಿ ಖುದ್ದು ಬಂದು ಒಲೆಯನ್ನು ಬಗ್ಗಿ ನೋಡಿದರು.

“ಇದೇನ ರೇಣವ್ವಾ, ಈ ವಯಸ್ಸಿನ್ಯಾಗ ಮಗನಿಂದ ಬ್ಯಾರಿ ಆದೀಯಾ?”

“ಆದೇನ್ರಿ. ಭಂಡಾರ ಅವನ ಒಲಿಗಿ ಹತ್ತೇತಿ. ಈ ಒಲಿ ಯಾರ ಮುಂದೂ ಏನೂ ಹೇಳಿಲ್ಲ. ಒಂದ ರೊಟ್ಟಿ ತಿಂತೀರೇನು? ತಿಂದ್ರ ನೀವೂ ಬಿಡುಗಡಿ ಆಗತೀರಿ.”

ಪೂಜಾರಿ ತಿನ್ನಲಿಲ್ಲ. ಆದರೆ ತಪ್ಪು ಹುಡುಕುವುದಕ್ಕೂ ಆಗಲಿಲ್ಲ. ಬೇರೆ ಒಲೆಯೆಂದರೆ ಬೇರೆ ಮನೆ ಎಂಬುದು ಅಣ್ಣತಮ್ಮಂದಿರ ಪಾಲಿನ ಜಗಳಗಳಲ್ಲಿ ಅವರೇ ಹತ್ತಾರು ಸಲ ಹೇಳಿದ ನ್ಯಾಯ. ಹುಡುಗಿಯ ತಾಯಿ ಲಕ್ಷ್ಮೀ ಗಂಡನೆದುರು ಏನೂ ಆಡಲಿಲ್ಲ. ದಿನಾ ಒಂದು ಬೋಗುಣಿ ಜೋಳದ ಹಿಟ್ಟನ್ನು ದೊಡ್ಡಿಯ ಗೋಡೆಯ ಮೇಲಿಟ್ಟು ಹೋಗುತ್ತಿದ್ದಳು. ಕೇಳಿದವರಿಗೆ, “ಹಿಟ್ಟ ಕೊಟ್ಟರ ಉಣಿಸಿದಂಗ ಆಗೂದಿಲ್ಲ,” ಎನ್ನುತ್ತಿದ್ದಳು. ಹುಡುಗಿ ಅಜ್ಜಿಯ ಒಲೆಯಲ್ಲಿ ಉಂಡು ಅವ್ವನ ಪಕ್ಕದಲ್ಲಿ ಮಲಗುತ್ತಿದ್ದಳು.

ಒಲೆಯೇನೋ ಬೇರೆಯಾಯಿತು. ಹುಡುಗಿಯ ಬಾಯಿ ಮಾತ್ರ ತೆರೆಯಲಿಲ್ಲ.

ವಿಡಿಯೋದಿಂದ ಆದ ಅನಾಹುತ ಪೂರ್ಣಿಮಾಗೆ ತಿಳಿದದ್ದು ಜನವರಿಯಲ್ಲಿ. ಕ್ಷಮೆ ಕೇಳಲೆಂದು ಅವಳು ಮೊದಲ ಸಲ ದೊಡ್ಡಿಗೆ ಬಂದಾಗ ರೇಣವ್ವ ಮಾತು ಪೂರ್ತಿ ಮಾಡಲು ಬಿಡಲಿಲ್ಲ. “ರೊಟ್ಟಿ ಬಡಿಯಾಕ ಬರತೈತೇನ್ರಿ ಬಾಯಾರ?” ಎಂದು ಕೇಳಿದಳು. ಬರುತ್ತಿರಲಿಲ್ಲ. ಮೇ ಹೊತ್ತಿಗೆ ಒಂದಿಷ್ಟು ಬರುತ್ತಿತ್ತು. ಅಷ್ಟರಲ್ಲಿ ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗಿಯ ಜೊತೆಗಿರಲು, ಕೋರ್ಟಿನಲ್ಲಿ ಧೈರ್ಯ ಹೇಳಲು ಅವಳನ್ನೇ ನೇಮಿಸಿದ್ದರು. ಸಾಕ್ಷಿ ಹೇಳುವ ತಾರೀಖು ಮೇ ಕೊನೆಯ ಶುಕ್ರವಾರ. ಅದಕ್ಕೆ ಒಂದು ವಾರ ಮೊದಲು ಪೂರ್ಣಿಮಾ ಬಂದಳು. ಪ್ರಸಾದ ತನ್ನ ಕಾರಿನಲ್ಲಿ ಕರೆತಂದಿದ್ದ.

ಹುಡುಗಿ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯೊಳಗಿನ ಉಣ್ಣೆಹುಳ ಕೀಳುತ್ತಿದ್ದಳು. ತಲೆ ಎತ್ತದೆ ಕೇಳಿದಳು.

“ಮೇಡಂ, ನಾ ಹೇಳಿದ್ರ ಕಾಕಾನ್ನ ಗಲ್ಲಿಗೆ ಹಾಕ್ತಾರೇನ್ರಿ?”

ಎಂಟು ತಿಂಗಳಲ್ಲಿ ಆ ವಿಷಯವಾಗಿ ಅವಳು ಆಡಿದ ಮೊದಲ ಮಾತು ಅದು. ರೇಣವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಬೀಳುವ ಬದಲು ಅಲ್ಲೇ ನಿಂತಿತು.

“ಇಲ್ಲವಾ,” ಎಂದಳು ಪೂರ್ಣಿಮಾ. “ಅಂವ ಮಾಡಿದ್ದಕ್ಕ ಕಾಯ್ದೆದಾಗ ಗಲ್ಲು ಇಲ್ಲ. ಜೇಲು ಐತಿ. ಐದ ವರ್ಷಕ್ಕ ಕಮ್ಮಿ ಇಲ್ಲ, ಏಳಕ್ಕ ಜಾಸ್ತಿ ಇಲ್ಲ.”

“ಮತ್ತ ಎಲ್ಲಾರೂ ಗಲ್ಲು ಅಂದ್ರಲ್ಲ? ಆಯೀನೂ ಅಂದ್ಳು.”

“ನಾನೂ ಅಂದೆ. ಓದಲಾರದ ಅಂದೆ.”

ಓದುವುದನ್ನೇ ಉದ್ಯೋಗ ಮಾಡಿಕೊಂಡವಳು, ರವಿವಾರಕ್ಕೊಂದು ಪುಸ್ತಕ ಮುಗಿಸುವವಳು, ಕಾಯ್ದೆಯ ಆ ಕಲಮಿನ ನಾಲ್ಕು ಸಾಲು ತೆರೆದು ನೋಡದೆ ಮೂರು ಸಾವಿರ ಜನರ ಮುಂದೆ ನಿಂತು ಕೂಗಿದ್ದಳು. ಸಿಟ್ಟು ಬಂದಾಗ ಓದಲು ಪುರುಸೊತ್ತಿಲ್ಲ ಎಂದುಕೊಂಡಿದ್ದಳು. ಅಷ್ಟರ ಬೆಲೆ ಈ ಹುಡುಗಿಯ ಎಂಟು ತಿಂಗಳು.

“ಜೇಲಿಗೆ ಹಾಕೂದು ನಾನೇನು?” ಹುಡುಗಿ ಮತ್ತೆ ಕೇಳಿದಳು.

“ನೀ ಅಲ್ಲ. ಜಡ್ಜ ಸಾಹೇಬರು. ನೀ ಆಗಿದ್ದಷ್ಟ ಹೇಳಾಕಿ. ಆಗಿದ್ದು ನೀ ಮಾಡಿದ್ದಲ್ಲ, ಅಂವ ಮಾಡಿದ್ದು.”

ಗೋಡೆಗೆ ಒರಗಿ ನಿಂತಿದ್ದ ಪ್ರಸಾದ ತಡೆಯಲಾರದೆ ಬಾಯಿ ಹಾಕಿದ. “ಏಳ ವರ್ಷಂದ್ರ ಏನಾತ್ರಿ ಅಕ್ಕಾ? ಉಂಡು ಮಲಗಿ ಹೊಳ್ಳಿ ಬರ್ತಾನ. ಇದಕ್ಕ ನ್ಯಾಯ ಅಂತಾರೇನು?”

ರೇಣವ್ವ ಹಿಟ್ಟಿನ ಕೈಯಲ್ಲೇ ಬೆರಳು ಎಣಿಸಿದಳು. “ಏಳ ವರ್ಷಕ್ಕ ಇಕಿಗಿ ಹದಿನೆಂಟ ಆಗತಾವ. ಅಲ್ಲೀತನಾ ಸಾಲಿ ರಸ್ತೆ ಇಕಿದು. ನಿನ್ನ ಗಲ್ಲು ಫ್ಲೆಕ್ಸಿನ್ಯಾಗಿನ ಗಲ್ಲು ತಮ್ಮಾ. ಅದರಿಂದ ಇಕಿ ಒಂದ ದಿನಾನೂ ಸಾಲಿಗೆ ಹೋಗಲಿಲ್ಲ.”

“ಮೈಕಿನ್ಯಾಗ ನೀವ ಹೇಳಿದ್ರಲ್ಲ ಆಯೀ.”

“ಹೇಳೇನಿ. ಸಿಟ್ಟಿಗೆ ಹೇಳೇನಿ. ಸಿಟ್ಟು ಎಲ್ಲೀ ಹೋಗಿಲ್ಲ, ಇಲ್ಲೇ ಐತಿ. ಆದರ ನನಗ ಈಗ ದೊಡ್ಡ ಶಿಕ್ಷಾ ಬ್ಯಾಡ, ಖರೇ ಶಿಕ್ಷಾ ಬೇಕು. ತಪ್ಪದಂಗ ಆಗೂದು ಬೇಕು. ನಿನ್ನ ಹಗ್ಗಾ ನೋಡಿ ಅಂವ ಹೆದರಲಿಲ್ಲ. ನನ್ನ ಕೂಸ ಹೆದರಿತು.”

ಪ್ರಸಾದ ಒಪ್ಪಲಿಲ್ಲ. ಒಪ್ಪದ್ದು ಮುಖದಲ್ಲೇ ಕಾಣುತ್ತಿತ್ತು. ಹುಡುಗಿಗೆ ಮಾತ್ರ ಅವನ ನ್ಯಾಯದಲ್ಲಿ ಆಸಕ್ತಿಯಿರಲಿಲ್ಲ. ಅವಳಿಗೆ ಬೇರೆ ಪ್ರಶ್ನೆಗಳಿದ್ದವು. ಕಾಕಾನ ಮುಖ ನೋಡಬೇಕೇನು? ಬೇಡ, ನಡುವೆ ಪರದೆ ಇರುತ್ತದೆ. ಮಾತಿನ ನಡುವೆ ನೀರು ಕುಡಿಯಬಹುದೇನು? ಕುಡಿಯಬಹುದು. ಕೆಲವು ಮಾತು ಬಾಯಿಂದ ಹೇಳಲು ಬರದಿದ್ದರೆ? ಬರೆದು ತೋರಿಸಬಹುದು. ಅವ್ವ ಒಳಗೆ ಬರುತ್ತಾಳೇನು? ಆಯಿ ಬರುತ್ತಾಳೆ. ಎಲ್ಲ ಕೇಳಿಕೊಂಡು ಮರಿಯನ್ನು ಕೆಳಗೆ ಬಿಟ್ಟಳು. “ತಾರೀಖು ಮುಗದ ಸೋಮವಾರಕ್ಕ ಸಾಲಿ ಸುರು ಆಗತೈತಿ ಆಯೀ,” ಎಂದಳು. “ಆರನೇ ಇಯತ್ತೆದ್ದು. ಈಗ ಸಾಲಿ ಹೊತ್ತಿಗೆ ಬಸ್ ಬಿಟ್ಟಾರಲ್ಲ, ಪಾಸ ಮಾಡಿಸಬೇಕು.”

ಶುಕ್ರವಾರ ಬೆಳಿಗ್ಗೆ ಬೆಳಗಾವಿಯ ಬಸ್ ನಿಲ್ದಾಣದಿಂದ ಹುಡುಗಿ, ರೇಣವ್ವ, ಪೂರ್ಣಿಮಾ ಮೂವರೂ ಆಟೋ ಹಿಡಿದರು. ಕೋರ್ಟಿನ ಗೇಟು ಕಾಣುವಷ್ಟರಲ್ಲಿ ಹುಡುಗಿ ಅಜ್ಜಿಯ ಕಂಬಳಿಯೊಳಗೆ ಮುಖ ಹುದುಗಿಸಿದಳು. ಗೇಟಿನ ಮುಂದೆ ಐವತ್ತು ಅರವತ್ತು ಜನ. ಬಿದಿರಿನ ಗಳಕ್ಕೆ ಹುಲ್ಲಿನ ಗೊಂಬೆ, ಗೊಂಬೆಯ ಕೊರಳಿಗೆ ಹಗ್ಗ. ಗಳ ಹಿಡಿದವನು ಪ್ರಸಾದ.

“ಆಯೀ, ಹೊಳ್ಳಿ ಹೋಗೂಣು.”

ಪೂರ್ಣಿಮಾ ಆಟೋ ನಿಲ್ಲಿಸಿ ಇಳಿದು ಹೋದಳು.

“ಪ್ರಸಾದ, ಅದನ್ನ ಇಳಸು.”

“ಜನಾ ಬಂದಾರ ಅಕ್ಕಾ. ಟಿವಿಯವರು ಬಂದಾರ. ಸಿಟ್ಟು ಮಾಡೂದ ಬ್ಯಾಡ ಅಂತೀರೇನು?”

“ಸಿಟ್ಟು ಬೇಕು. ಇಷ್ಟ ಸಾಲೂದಿಲ್ಲ, ಇನ್ನೂ ಬೇಕು. ಸಾಲಿ ಹೊತ್ತಿಗೆ ಊರಿಂದ ಸರಕಾರಿ ಬಸ್ ಯಾಕ ಇರಲಿಲ್ಲ ಅಂತ ಸಿಟ್ಟಾಗು. ಕೂಸುಗೋಳನ ಕರಕೊಂಡ ಹೋಗಾವ ಎಂಥವ ಅಂತ ಯಾಕ ಯಾರೂ ನೋಡಲಿಲ್ಲ ಅಂತ ಸಿಟ್ಟಾಗು. ತಾರೀಖು ಯಾಕ ಮುಂದ ಮುಂದ ಹೋಗತಾವ ಅಂತ ದಿನಾ ಬಂದು ಇಲ್ಲೇ ಕುಂದರು, ನಾನೂ ಬರತೀನಿ. ಆ ಹಗ್ಗಾ ಒಂದ ಇಳಸು. ಆಟೋ ಕಡೆ ನೋಡು.”

ಪ್ರಸಾದ ನೋಡಿದ. ಆಟೋದೊಳಗೆ ಮುಖ ಕಾಣಲಿಲ್ಲ. ಕಂಬಳಿಯ ಕೆಳಗೆ ಎರಡು ಸಣ್ಣ ಪಾದಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು.

ಅವನು ಗಳ ಇಳಿಸಿದ. ಹಿಂದಿನಿಂದ ಯಾರೋ “ಯಾಕೋ, ಹೆದರಿದ್ಯಾ?” ಎಂದು ಕೆಣಕಿದರು. “ಹೂಂ, ಹೆದರೇನಿ,” ಎಂದ ಪ್ರಸಾದ. ಗೊಂಬೆಯ ಕೊರಳಿನ ಹಗ್ಗ ಬಿಚ್ಚಿ, ಫ್ಲೆಕ್ಸಿನಲ್ಲಿ ಸುತ್ತಿ, ಕಾರಿನ ಡಿಕ್ಕಿಗೆ ಹಾಕಿದ. “ಘೋಷಣಾ ಬ್ಯಾಡ. ಆಕಿ ಹೊರಗ ಬರೂತನಾ ಎಲ್ಲಾರೂ ಸುಮ್ಮ ಕುಂದರ್ರಿ.” ನಾಲ್ಕು ಜನ ಬೈದು ಹೊರಟುಹೋದರು. ಉಳಿದವರು ಪಾದಚಾರಿ ಹಾದಿಯುದ್ದಕ್ಕೂ ಕೂತರು. ಸುಮ್ಮನೆ ಕೂತವರಲ್ಲಿ ಟಿವಿಯವರಿಗೆ ತೋರಿಸುವಂಥದ್ದು ಏನೂ ಇರಲಿಲ್ಲ. ಹತ್ತು ನಿಮಿಷಕ್ಕೆ ಕ್ಯಾಮೆರಾ ಮಡಚಿದರು.

ಒಳಗೆ ಕೋರ್ಟಿನ ಪಡಸಾಲೆಯ ತಿರುವಿನಲ್ಲಿ ಮಾಯಪ್ಪ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ ಬಂದಿದ್ದ, ಅಂಗಿಯ ತುಂಬ ವೆಲ್ಡಿಂಗಿನ ಕಿಡಿ ಸುಟ್ಟ ತೂತು. ರೇಣವ್ವ ನಿಂತು ಮಗನನ್ನು ಮೇಲಿಂದ ಕೆಳಗೆ ನೋಡಿದಳು.

“ನಿನ್ನ ಭಂಡಾರ?”

“ಮಾತ ಆಡೂದಿಲ್ಲಂತ ಹೇಳೇನಿ ಯವ್ವಾ. ನಿಂದರೂದಿಲ್ಲಂತ ಹೇಳಿಲ್ಲ.”

ಪಡಸಾಲೆಯ ಆ ತುದಿಯ ಬೆಂಚಿನ ಮೇಲೆ ಕಲ್ಮೇಶ ಕೂತಿದ್ದ. ಮಾಯಪ್ಪ ಅವನ ಕಡೆ ಮುಖ ಮಾಡಿ, ಮಗಳಿಗೆ ಬೆನ್ನು ಕೊಟ್ಟು, ದಾರಿಯ ನಡುವೆ ನಿಂತ. ಅಗಲವಾದ ಬೆನ್ನು. ಹುಡುಗಿಗೆ ಬೆಂಚು ಕಾಣಲಿಲ್ಲ, ಬೆಂಚಿನ ಮೇಲಿದ್ದವನೂ ಕಾಣಲಿಲ್ಲ. ಅವಳು ಹೋಗುವಾಗ ಅಪ್ಪನ ಅಂಗಿಯ ತುದಿಯನ್ನು ಒಂದು ಸಲ ಎಳೆದು ಬಿಟ್ಟಳು.

ಮಕ್ಕಳಿಗೆಂದು ಬೇರೆ ಕೋಣೆ ಇತ್ತು. ಬಣ್ಣದ ಕುರ್ಚಿ, ಗೋಡೆಯ ಮೇಲೆ ಆನೆಯ ಚಿತ್ರ. ಹನ್ನೊಂದಾಯಿತು, ಹನ್ನೆರಡಾಯಿತು. ಹುಡುಗಿ ಎರಡು ಸಲ ನೀರು ಕುಡಿದಳು. ಆನೆಗೆ ದಂತ ಒಂದೇ ಬರೆದಿದ್ದಾರೆ ಎಂದು ಪೂರ್ಣಿಮಾಗೆ ತೋರಿಸಿದಳು. ಎರಡು ಗಂಟೆಗೆ ಕೋರ್ಟಿನ ಗುಮಾಸ್ತರು ಕೈಯಲ್ಲಿ ಕಡತ ಹಿಡಿದು ಬಂದರು.

“ಆರೋಪಿ ವಕೀಲರಿಗೆ ಆರಾಮ ಇಲ್ಲಂತ ಅರ್ಜಿ ಬಂದೈತ್ರಿ. ಮುಂದಿನ ತಿಂಗಳ ಹದಿನೆಂಟಕ್ಕ ತಾರೀಖು ಬೀಳಬಹುದು. ನೀವಿನ್ನ ಹೊಂಡ್ರಿ, ಖಾನಾಪುರ ಬಸ್ ಸಿಗತೈತಿ.”

“ಸಾಹೇಬರು ಒಪ್ಪ್ಯಾರೇನ್ರಿ?” ಪೂರ್ಣಿಮಾ ಕೇಳಿದಳು.

“ಇನ್ನೂ ಅವರ ಮುಂದ ಇಟ್ಟಿಲ್ಲ. ಆದರ ಹಂಗ ಆಗೂದು. ಈ ಸೆಕಿದಾಗ ಕೂಸಿನ್ನ ಯಾಕ ಕುಂದ್ರಸತೀರಿ ಅಂತ ನಾನ ಹೇಳಾಕ ಬಂದೆ.”

ಮನುಷ್ಯ ಕೆಟ್ಟವನಲ್ಲ. ಇಂಥ ಸಾವಿರ ತಾರೀಖು ನೋಡಿದವನು, ಅಷ್ಟೇ. ಪೂರ್ಣಿಮಾ ಸರಕಾರಿ ವಕೀಲರನ್ನು ಹುಡುಕಲು ಎದ್ದಳು. ರೇಣವ್ವ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ವಯಸ್ಸು ಕಂಡಿತು.

“ಏಳವಾ. ಮುಂದಿನ ತಾರೀಖಿಗೆ ಬರೂಣು.”

ಹುಡುಗಿ ಕುರ್ಚಿಯ ಎರಡೂ ಅಂಚುಗಳನ್ನು ಕೈಯಿಂದ ಹಿಡಿದುಕೊಂಡಳು.

“ಮುಂದಿನ ತಾರೀಖಿಗೆ ನನಗ ಸಾಲಿ ಐತಿ.”

ಗುಮಾಸ್ತರು ನಕ್ಕರು. “ಒಂದ ದಿನಾ ರಜಾ ಹಾಕು ತಂಗೀ. ಈಗ ಶ್ಯಾಣ್ಯಾಕ್ಯಾಗಿ ಆಯಿ ಕೂಡ ಎದ್ದ ಹೋಗು.”

“ಎಂಟ ತಿಂಗಳ ರಜಾ ಹಾಕೇನ್ರಿ,” ಎಂದಳು ಹುಡುಗಿ. ದನಿ ಸಣ್ಣದಿತ್ತು. “ಸಾಹೇಬರಿಗೆ ಹೋಗಿ ಹೇಳ್ರಿ. ನಾ ಬಂದೇನಿ. ನನಗ ಎಲ್ಲಾ ನೆನಪೈತಿ. ಅವರು ಕೇಳೂತನಾ ನಾ ಏಳೂದಿಲ್ಲ.”